ಮನೆಯ ಗಾಜಿನ ತೊಟ್ಟಿಗೆ ಹೊಳೆಯ ಮೀನು

ಕಳೆದ ವರುಷ ದೀಪಾವಳಿಯ ರಜೆಯಲ್ಲಿ ನಮ್ಮ ಆಪ್ತರೊಬ್ಬರು ಮಕ್ಕಳನ್ನು ಕಟ್ಟಿಕೊಂಡು ಕಾರವಾರದ ಕಡಲನ್ನು ನೋಡಿಬರಲು ಹೋಗಿದ್ದರು. ಹೋಗುವಾಗ ಗೋಕಾಕದ ಕರದಂಟಿನ ಪೆಟ್ಟಿಗೆಗಳನ್ನು ಒಯ್ದರು. ಬರುವಾಗ ನೀರು ತುಂಬಿದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದರು. ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವಣ ಹೊಂಡದೊಳಗೆ ಸಿಕ್ಕಿಬಿದ್ದಿದ್ದ ಏಳು ಸಣ್ಣ ಮೀನುಗಳು ಅದರಲ್ಲಿದ್ದವು. ಹಳದಿಯ ಛಾಯೆಯ ಮೈ, ಅದರ ಮೇಲೆ ಕರಿಯ ಅಡ್ಡಪಟ್ಟೆಗಳು. ನೋಡಿದರೆ ಯಾವ ಮಗುವಾದರೂ ಬೇಕೆನ್ನುವಂಥವು. ಘಟ್ಟ ಹತ್ತುವಷ್ಟರಲ್ಲಿ ಎರಡು ಸತ್ತವು, ಬೆಳಗಾವಿ ದಾಟುವಷ್ಟರಲ್ಲಿ ಮತ್ತೆ ನಾಲ್ಕು ಸತ್ತವು. ಉಳಿದ ಒಂದನ್ನು ಮನೆಗೆ ಬಂದೊಡನೆ ಬಾವಿಯ ಸಿಹಿನೀರಿಗೆ ಬಿಟ್ಟರು. ಅದು ಅರ್ಧ ತಾಸೂ ಬಾಳಲಿಲ್ಲ. ಮರುದಿನ ಆ ಮನೆಯ ಎಂಟು ವರುಷದ ಹುಡುಗನು ನಮ್ಮ ಬಳಿಗೆ ಬಂದು, “ನೀರಿನಲ್ಲಿಯೇ ಇದ್ದ ಮೀನು ಹೇಗೆ ಸತ್ತಿತು?” ಎಂದು ಕೇಳಿದನು. ಅವನಿಗೆ ಅಂದು ಕೊಟ್ಟ ಉತ್ತರವು ಪೂರ್ತಿಯಾಗಲಿಲ್ಲವಾದ್ದರಿಂದ ಈ ಲೇಖನವನ್ನು ಬರೆಯಬೇಕಾಯಿತು.

ಆ ಆಪ್ತರನ್ನು ಕಂಡು ನಾವು ನಗುವಂತಿಲ್ಲ. ಅನೇಕ ವರುಷಗಳ ಹಿಂದೆ ನಾವೂ ಇಂಥದೇ ಪಾಪವನ್ನು ಕಟ್ಟಿಕೊಂಡವರು. ಮೃಗಶಿರ ಮಳೆ ಬಿದ್ದು ಹೊಳೆಗೆ ಹೊಸನೀರು ಬಂದಾಗ ಮೀನುಗಳು ಹೊಳೆಯಿಂದ ಹಳ್ಳಕ್ಕೂ, ಹಳ್ಳದಿಂದ ಹೊಲದ ಬದುವಿನ ಮಗ್ಗುಲಿನ ಕಾಲುವೆಗೂ ಏರಿ ಬರುವವು. ಅಂಥ ಒಂದು ದಿನ ಮಾರ್ಕಂಡೇಯ ಹೊಳೆಗೆ ಸೇರುವ ಹಳ್ಳದಲ್ಲಿ ಹಳೆಯ ಸೊಳ್ಳೆಪರದೆಯನ್ನು ಬಿಡಿಸಿ ಹಿಡಿದು ಒಂದೇ ಸಲಕ್ಕೆ ನಾಲ್ವತ್ತು ಮೀನುಗಳನ್ನು ಬಾಚಿಕೊಂಡೆವು. ಅವುಗಳ ಹೊಟ್ಟೆ ಉಬ್ಬಿದ್ದುದನ್ನು ಕಂಡು, ದಷ್ಟಪುಷ್ಟವಾಗಿವೆಯೆಂದು ಸಂತೋಷಪಟ್ಟೆವು. ಅವು ತತ್ತಿಯಿಡಲು ಹೊರಟ ಬಸುರಿಯರೆಂಬುದು ಆಗ ನಮ್ಮ ತಲೆಗೆ ಹೊಳೆಯಲಿಲ್ಲ. ಅಂದೇ ಕೊಂಡು ತಂದ ತೊಟ್ಟಿ, ಅಂದೇ ನಳದಿಂದ ತುಂಬಿದ ನೀರು. ನಾಲ್ಕನೆಯ ದಿನಕ್ಕೆ ಒಂದೂ ಉಳಿಯಲಿಲ್ಲ. ನಾಲ್ವತ್ತು ಮೀನುಗಳೊಡನೆ ಅವುಗಳ ಹೊಟ್ಟೆಯಲ್ಲಿದ್ದ ಸಾವಿರಾರು ಮರಿಗಳನ್ನೂ ಕೊಂದಂತಾಯಿತೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ.

ಗೋಕಾಕ, ಹುಕ್ಕೇರಿ ಮತ್ತು ಈಚೆಗೆ ಬೇರೆ ತಾಲೂಕಾದ ಮೂಡಲಗಿಯ ಜನರು ಮೀನಿಗಾಗಿ ಕಡಲಿನ ವರೆಗೆ ಹೋಗಬೇಕಾದ ಕಾರಣವೇ ಇಲ್ಲ. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆಯು ಹಿಡಕಲ್ಲಿನ ಅಣೆಕಟ್ಟಿನಲ್ಲಿ ನಿಂತು, ಧೂಪದಾಳದ ಒಡ್ಡಿನಲ್ಲಿ ಮತ್ತೊಮ್ಮೆ ತಡೆದು, ಗೋಕಾಕದ ಬಳಿಯಲ್ಲಿ ಸುಮಾರು 52 ಮೀಟರು ಎತ್ತರದಿಂದ ಧುಮುಕಿ ಪೂರ್ವಕ್ಕೆ ಸಾಗುತ್ತದೆ. ಅಂಬೋಲಿಯಲ್ಲಿ ಹುಟ್ಟುವ ಹಿರಣ್ಯಕೇಶಿಯು ಆಜರೆ, ಗಡಹಿಂಗ್ಲಜಗಳನ್ನು ನೋಡಿಕೊಂಡು, ಸಂಕೇಶ್ವರವನ್ನು ದಾಟಿ ಇದೇ ಘಟಪ್ರಭೆಯನ್ನು ಕೂಡುತ್ತದೆ. ಮಾರ್ಕಂಡೇಯವು ಬೆಳಗಾವಿಯ ಕಡೆಯಿಂದ ಬಂದು ಸೇರುತ್ತದೆ. ಧೂಪದಾಳದಿಂದ ಹೊರಟ ಎಡದಂಡೆಯ ಕಾಲುವೆಯು ಮೂಡಲಗಿಯ ಕಬ್ಬಿನ ಹೊಲಗಳನ್ನು ತಣಿಸುತ್ತ ಮುಂದೆ ಹೋಗುತ್ತದೆ. ಇಷ್ಟೆಲ್ಲ ನೀರಿರುವಲ್ಲಿ ಮೀನಿಗೇನು ಕೊರತೆ? ಆದರೂ ನಮ್ಮ ಪೇಟೆಯ ಮನೆಗಳ ತೊಟ್ಟಿಗಳಲ್ಲಿ ಈಜುವವೆಲ್ಲ ಚೀನದ ಹೊಂಬಣ್ಣದ ಮೀನುಗಳು, ದಕ್ಷಿಣ ಅಮೇರಿಕೆಯ ಮೀನುಗಳು. ಊರ ಹೊಳೆಯಲ್ಲಿ ಏನಿದೆಯೆಂಬುದನ್ನು ಬಲೆ ಬೀಸುವ ಅಂಬಿಗರು ಬಲ್ಲರು. ಓದುಬರಹ ಕಲಿತ ನಾವು ಅರಿಯೆವು.

ಈ ಅಜ್ಞಾನವು ಎಷ್ಟು ದೊಡ್ಡದೆಂಬುದಕ್ಕೆ ಹಿರಣ್ಯಕೇಶಿಯೇ ಸಾಕ್ಷಿ. ಆ ಹೊಳೆಯ ಉಗಮದಲ್ಲಿ, ಅಂಬೋಲಿಯ ಶಿವಾಲಯದ ಮುಂದಿನ ಹೊಂಡದಲ್ಲಿ, ತಲೆತಲಾಂತರದಿಂದ ಯಾತ್ರಿಕರು ಕೈಕಾಲು ತೊಳೆದು ತೀರ್ಥ ತೆಗೆದುಕೊಂಡಿದ್ದಾರೆ. ಅದೇ ನೀರಿನ ತಳದ ಕಲ್ಲುಗಳ ನಡುವೆ ಕಿರುಬೆರಳಿನಷ್ಟು ಸಣ್ಣದಾದ, ಹೊಂಬಣ್ಣದ ಮೈಯ ಮೀನೊಂದು ವಾಸವಾಗಿತ್ತು. ಅದು ಶಾಸ್ತ್ರಕ್ಕೆ ಹೊಸತಾದ ಜಾತಿಯೆಂದು ಸನ್ 2020ರಲ್ಲಿ ಸಂಶೋಧಕರು ಪ್ರಕಟಿಸಿ, ಹೊಳೆಯ ಹೆಸರನ್ನೇ ಕೊಟ್ಟು ‘ಶಿಸ್ಟುರಾ ಹಿರಣ್ಯಕೇಶಿ’ ಎಂದು ಕರೆದರು. ಮರುವರುಷ, ಎಂದರೆ 2021ರಲ್ಲಿ, ಮಹಾರಾಷ್ಟ್ರ ಸರಕಾರವು ಆ ಸ್ಥಳವನ್ನು ಜೀವವೈವಿಧ್ಯದ ಪರಂಪರಾ ಸ್ಥಳವೆಂದು ಸಾರಿತು. ಇಷ್ಟೊಂದು ಅವಸರವೇಕೆಂದು ಯಾರಾದರೂ ಕೇಳಬಹುದು. ಒಂದು ಗುಡಿಯ ಹೊಂಡ, ಅದರ ಸುತ್ತಣ ನೀರು, ಇಷ್ಟೇ ಒಂದು ಜಾತಿಗೆ ಆಸರೆಯಾಗಿದ್ದರೆ, ಚಂದದ ಮೀನೆಂದು ಕೇಳಿ ಓಡಿಬಂದ ನಾಲ್ಕು ಜನ ಹವ್ಯಾಸಿಗಳ ನಾಲ್ಕು ಬಲೆಗಳು ಅದನ್ನು ಭೂಮಿಯಿಂದಲೇ ಅಳಿಸಬಲ್ಲವು. ಹೊಸ ಮೀನು ಸಿಕ್ಕಿತೆಂಬ ವಾರ್ತೆಯೇ ಅದಕ್ಕೆ ಮೃತ್ಯುವಾರ್ತೆಯಾಗಬಹುದು. ಆದುದರಿಂದ ಘಟ್ಟದ ಮೇಲಣ ಝರಿಗಳಲ್ಲಿ, ಗುಡಿಯ ಹೊಂಡಗಳಲ್ಲಿ, ಕಲ್ಲಿಗೆ ಅಂಟಿಕೊಂಡು ಬದುಕುವ ಇಂಥ ಮೀನುಗಳನ್ನು ಮುಟ್ಟಲೇಬಾರದೆಂಬುದು ನಮ್ಮ ಮನೆಯ ಮೊದಲ ಕಟ್ಟಳೆ.

ಇನ್ನೊಂದು ಮೀನಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅದು ಕನ್ನಡಿಗರ ಕಥೆಯೂ ಹೌದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು ಕಪ್ಪೆಗಳ ವಿಷಯದಲ್ಲಿ ದೊಡ್ಡ ಪಂಡಿತರು. 1932ರಲ್ಲಿ ಹುಟ್ಟಿದ ‘ಕರೆಂಟ್ ಸೈನ್ಸ್’ ಎಂಬ ವಿಜ್ಞಾನಪತ್ರಿಕೆಗೆ ಮೊದಲ ಸಂಪಾದಕರು. ಅವರು 1920ರಲ್ಲಿ ಮೈಸೂರು ಸೀಮೆಯ ತುಂಗಾನದಿಯಿಂದ ಒಂದು ಪುಟ್ಟ ಮೀನನ್ನು ವರ್ಣಿಸಿ ಅದಕ್ಕೆ ‘ಬೋಟಿಯಾ ಸ್ಟ್ರಯಾಟಾ’ ಎಂದು ಹೆಸರಿಟ್ಟರು. ಮೈಯ ತುಂಬ ಹಳದಿ ಮತ್ತು ಕಪ್ಪು ಬಣ್ಣಗಳ ಸಣ್ಣ ಸಣ್ಣ ಅಡ್ಡಗೆರೆಗಳು, ಬಾಯ ಸುತ್ತ ಎಳೆಯ ಮೀಸೆಗಳು, ಬೆರಳುದ್ದದ ದೇಹ. ಕಾಡಿನ ಹುಲಿಯನ್ನು ಯಾರೋ ಬೊಂಬೆಯಾಗಿ ಮಾಡಿ ನೀರಿಗೆ ಬಿಟ್ಟಂತೆ ತೋರುವದು. ಮುಂದೆ ಇದು ನಮಗೆ ನೆರೆಯದಾದ ಕೊಲ್ಲಾಪುರದ ಸೀಮೆಯಲ್ಲಿಯೂ ದೊರೆಯಿತು. ಎಂದರೆ ಸಹ್ಯಾದ್ರಿಯಿಂದ ಇಳಿದು ಕೃಷ್ಣೆಯನ್ನು ಕೂಡುವ ಹೊಳೆಗಳ ಮೇಲ್ಭಾಗವೇ ಇದರ ತವರು. ಸ್ವಚ್ಛವಾದ, ಓಡುವ ನೀರು, ತಳದಲ್ಲಿ ಕಲ್ಲು ಇದ್ದಲ್ಲಿ ಗುಂಪುಗುಂಪಾಗಿ ಇರುವ ಪ್ರಾಣಿ ಇದು.

ನಾರಾಯಣರಾಯರು ಶಾಸ್ತ್ರಕ್ಕೆಂದು ವರ್ಣಿಸಿದ ಮೀನು ಮುಂದೆ ವ್ಯಾಪಾರದ ಕಣ್ಣಿಗೆ ಬಿದ್ದಿತು. ಪಟ್ಟೆಗಳ ಚಂದಕ್ಕಾಗಿಯೂ, ತೊಟ್ಟಿಯಲ್ಲಿ ಹೆಚ್ಚುವ ಬಸವನಹುಳುಗಳನ್ನು ತಿನ್ನುವ ಗುಣಕ್ಕಾಗಿಯೂ ಪರದೇಶದವರು ಅದನ್ನು ಬಹಳವಾಗಿ ಬೇಡಿದರು. ಸನ್ 2005ರಿಂದ 2012ರ ವರೆಗಿನ ಅವಧಿಯಲ್ಲಿ ನಾಶದ ಭಯವಿದ್ದ 30 ಜಾತಿಗಳಿಗೆ ಸೇರಿದ 15 ಲಕ್ಷಕ್ಕೂ ಮೇಲ್ಪಟ್ಟ ಸಿಹಿನೀರಿನ ಮೀನುಗಳು ಭಾರತದಿಂದ ತೊಟ್ಟಿಗಳ ಸಲುವಾಗಿ ಹೊರದೇಶಗಳಿಗೆ ಹೋದವೆಂದು ಸಂಶೋಧಕರು 2013ರಲ್ಲಿ ಲೆಕ್ಕ ಕೊಟ್ಟರು. ಅವುಗಳಲ್ಲಿ ದೊಡ್ಡ ಪಾಲು ಮೂರು ಬಗೆಯವು. ಆ ಮೂರರಲ್ಲಿ ನಮ್ಮ ಈ ಪಟ್ಟೆಮೀನು ಒಂದು. ಮನೆಯ ತೊಟ್ಟಿಯಲ್ಲಿ ಇದು ಮರಿ ಮಾಡುವದು ಅಪರೂಪ. ಆದುದರಿಂದ ಹೊಳೆಯಿಂದ ಹೋದದ್ದು ಹೋದಂತೆಯೇ. ಕೆಂಪು ಪಟ್ಟಿಯೆಂದು ಪ್ರಸಿದ್ಧವಾದ ಅಂತಾರಾಷ್ಟ್ರೀಯ ಯಾದಿಯಲ್ಲಿ ಈಗ ಅದು ಅಪಾಯಕ್ಕೆ ಸಿಕ್ಕಿದ ಜಾತಿಗಳ ಸಾಲಿನಲ್ಲಿ ಕುಳಿತಿದೆ. ಮೀನನ್ನು ತಿನ್ನುವವನ ಬಲೆಗಿಂತ ನೋಡಿ ನಲಿಯುವವನ ಬಲೆಯು ಕೆಲವೊಮ್ಮೆ ಹೆಚ್ಚು ಕ್ರೂರವೆಂದು ನಮಗೆ ತೋರುತ್ತದೆ. ತಿನ್ನುವವನು ದೊಡ್ಡದನ್ನು ಹುಡುಕುವನು, ಅದು ವಿರಳವಾದರೆ ಬೇರೊಂದನ್ನು ಹಿಡಿಯುವನು. ನೋಡುವವನಿಗಾದರೋ ವಿರಳವಾದಷ್ಟೂ ಆಶೆ ಹೆಚ್ಚು.

ಮೂರರಲ್ಲಿ ಇನ್ನೊಂದು, ಕೇರಳದ ಕೆಂಪುಗೆರೆಯ ಮೀನು. ಫ್ರಾನ್ಸಿಸ್ ಡೇ ಎಂಬ ವಿದ್ವಾಂಸರು 1865ರಲ್ಲಿ ವರ್ಣಿಸಿದ ಇದನ್ನು ಜನರು ‘ಮಿಸ್ ಕೇರಳ’ ಎಂದು ಕರೆಯುವರು. ಇದನ್ನು ಹಿಡಿಯುವದಕ್ಕೆ ಕೇರಳ ಸರಕಾರವು 2008ರಲ್ಲಿ ಮಿತಿಗಳನ್ನು ಹಾಕಿ, ಜೂನ್, ಜುಲೈ ಮತ್ತು ಅಕ್ಟೋಬರ ತಿಂಗಳುಗಳಲ್ಲಿ ಹಿಡಿಯಕೂಡದೆಂದಿತು. ಆಮೇಲೆ ಪರೀಕ್ಷಿಸಿ ನೋಡಿದರೆ ಆ ಮೀನು ತತ್ತಿಯಿಡುವ ಕಾಲ ಅಕ್ಟೋಬರದಿಂದ ಮಾರ್ಚದ ವರೆಗೆ! ಮಳೆಗಾಲದಲ್ಲಿ ಎಲ್ಲ ಮೀನುಗಳೂ ಮರಿ ಮಾಡುವವೆಂದು ಊಹಿಸಿದ್ದರಿಂದ ಬಾಗಿಲು ಮುಚ್ಚಬೇಕಾದಾಗ ತೆರೆದಿತ್ತು, ತೆರೆದಿರಬಹುದಾದಾಗ ಮುಚ್ಚಿತ್ತು. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣ ಕಾಯಿದೆಯಲ್ಲಿ ಈ ಮೀನನ್ನು ಹುಲಿ ಆನೆಗಳಿರುವ ಮೊದಲನೆಯ ಅನುಸೂಚಿಗೆ ಸೇರಿಸಿದ್ದಾರೆ. ಕರುಣೆಯ ಜೊತೆಗೆ ತಿಳಿವಳಿಕೆಯೂ ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

ಹಾಗಾದರೆ ಗೃಹಸ್ಥನು ಏನನ್ನು ತರಬಹುದು? ನಮ್ಮ ಕಡೆಯ ಹೊಳೆ ಕಾಲುವೆಗಳಲ್ಲಿ ಸಮೃದ್ಧವಾಗಿ ಇರುವ, ಬೇಗ ಬೆಳೆದು ಬೇಗ ಮರಿ ಮಾಡುವ ಸಣ್ಣ ಮೀನುಗಳನ್ನು ತರಬಹುದು. ಬಾಲದ ಬುಡದಲ್ಲಿ ಕರಿಯ ಬೊಟ್ಟಿಟ್ಟುಕೊಂಡ ಬೆಳ್ಳಿಯ ಮೈಯ ಟಿಕ್ಟೊ ಎಂಬ ಪರಿಗೆಮೀನು, ಮಗ್ಗುಲಲ್ಲಿ ಉದ್ದನ್ನ ಕಪ್ಪುಗೆರೆಯುಳ್ಳ ರಸ್ಬೋರ, ನೀಲಿ ಹಳದಿ ಗೆರೆಗಳಿಂದ ಮಿಂಚುವ ಡಾನಿಯೊ, ಒಳಗಿನ ಎಲುಬುಗಳೆಲ್ಲ ಹೊರಗೆ ಕಾಣಿಸುವ ಗಾಜುಮೀನು, ಇವು ಕೃಷ್ಣೆಯ ಪರಿವಾರದ ನೀರುಗಳಲ್ಲಿ ಸಾಮಾನ್ಯ. ಈ ಗಾಜುಮೀನನ್ನು ಕುರಿತು ಒಂದು ಮಾತು: ಪೇಟೆಯಲ್ಲಿ ಕೆಲವೊಮ್ಮೆ ಅದೇ ಮೀನು ಗುಲಾಬಿ, ಹಸುರು, ಕಿತ್ತಳೆ ಬಣ್ಣದ ಅಂಚಿನೊಡನೆ ಮಾರಾಟಕ್ಕೆ ಬರುವದುಂಟು. ಅದು ಸೃಷ್ಟಿಯ ಬಣ್ಣವಲ್ಲ. ಬದುಕಿರುವ ಮೀನಿನ ಮೈಗೆ ಸೂಜಿಯಿಂದ ಚುಚ್ಚಿ ಹೊಗಿಸಿದ ಬಣ್ಣ. ಅಂಥದನ್ನು ಕೊಳ್ಳುವದಕ್ಕಿಂತ ಬರಿದಾದ ತೊಟ್ಟಿಯೇ ಲೇಸು.

ಎಲ್ಲಿಂದ, ಯಾವಾಗ ತರಬೇಕೆಂಬುದು ಏನನ್ನು ತರಬೇಕೆಂಬುದಕ್ಕಿಂತ ಹೆಚ್ಚಿನ ಮಾತು. ಬೇಸಿಗೆಯಲ್ಲಿ ಕಾಲುವೆಯ ನೀರನ್ನು ನಿಲ್ಲಿಸಿದಾಗ ತಳದ ತಗ್ಗುಗಳಲ್ಲಿ ಅಲ್ಲಲ್ಲಿ ನೀರು ನಿಲ್ಲುವದು. ಹೊಳೆ ಇಳಿದ ಮೇಲೆ ಬಂಡೆಗಳ ಗುಣಿಗಳಲ್ಲಿಯೂ ಹೀಗೆಯೇ. ಆ ನೀರು ದಿನದಿನಕ್ಕೆ ಬತ್ತಿ ಕಾಯುವದು. ಕೊಕ್ಕರೆಗಳು ಒಂದು ಕಡೆಯಿಂದ, ಬಿಸಿಲು ಒಂದು ಕಡೆಯಿಂದ ಕಾಡಿ, ಕಡೆಗೆ ಅಲ್ಲಿಯ ಮೀನುಗಳೆಲ್ಲ ಕೆಸರಿನಲ್ಲಿ ಬಾಯ್ದೆರೆದು ಸಾಯುವವು. ಅಲ್ಲಿಂದ ಎತ್ತಿ ತಂದ ಆರು ಮೀನುಗಳಿಂದ ಹೊಳೆಗೆ ಯಾವ ನಷ್ಟವೂ ಆಗದು. ಇದು ನಾವು ಕಂಡುಕೊಂಡ ಅತ್ಯಂತ ನಿರ್ದೋಷವಾದ ದಾರಿ. ಎರಡನೆಯ ದಾರಿ ಅಂಬಿಗರದು. ಅವರ ಬಲೆಗೆ ಬಿದ್ದು, ಮಾರಲು ಯೋಗ್ಯವಲ್ಲವೆಂದು ದಂಡೆಯ ಮೇಲೆ ಚೆಲ್ಲುವ ಸಣ್ಣ ಮೀನುಗಳನ್ನು ಒಂದಿಷ್ಟು ಹಣ ಕೊಟ್ಟು ಜೀವಂತವಾಗಿ ಪಡೆಯಬಹುದು. ಇದರಿಂದ ಹೊಳೆಯ ವಿಷಯವನ್ನು ಬಲ್ಲವರ ಸಹವಾಸವೂ ಲಭಿಸುವದು. ಪುಸ್ತಕದಲ್ಲಿ ಇಲ್ಲದ ಎಷ್ಟೋ ಸಂಗತಿಗಳನ್ನು ನಾವು ಅವರಿಂದಲೇ ಕಲಿತೆವು.

ಕೆರೆ ಹೊಳೆಗಳ ಮೀನಿನ ಹಕ್ಕನ್ನು ಸರಕಾರವು ಗುತ್ತಿಗೆಗೆ ಕೊಟ್ಟಿರುವದುಂಟು. ಅಂಥಲ್ಲಿ ಗುತ್ತಿಗೆದಾರರನ್ನು ಕೇಳದೆ ಬಲೆ ಇಳಿಸುವದು ಕಳವೇ ಸರಿ. ಧೂಪದಾಳದ ನೀರು 1974ರಿಂದ ಪಕ್ಷಿಧಾಮದ ಪಾಲಾಗಿದೆ. ಅಲ್ಲಿ ಹಿಡಿಯುವ ಮಾತನ್ನೇ ಬಿಡಬೇಕು. ಸಿಡಿಮದ್ದು ಹಾಕಿ, ವಿಷ ಬೆರಸಿ ಮೀನು ಹಿಡಿಯುವದು 1897ರ ಕಾಯಿದೆಯಿಂದಲೇ ಅಪರಾಧ. ಆದರೂ ಆ ನೀಚವಾದ ಪದ್ಧತಿ ಇನ್ನೂ ಪೂರ್ಣವಾಗಿ ಅಳಿದಿಲ್ಲವೆಂಬುದು ಹೊಳೆಯ ದಂಡೆಯ ಜನರಿಗೆಲ್ಲ ಗೊತ್ತು. ಅಣೆಕಟ್ಟಿನ ಕೆಳಗೂ ಜಲಪಾತದ ಮೇಲಣ ಬಂಡೆಗಳ ಮೇಲೂ ಮಕ್ಕಳನ್ನು ಕರೆದುಕೊಂಡು ಹೋಗಬಾರದು. ನೀರು ಯಾವ ಗಳಿಗೆಯಲ್ಲಿ ಏರುವದೆಂದು ಹೇಳಲಾಗದು, ಪಾಚಿಯು ಕಾಲನ್ನು ಹಿಡಿಯದು.

ಹಿಡಿಯುವ ಕ್ರಮವು ಸರಳವಾದದ್ದು. ಮೊದಲು ದಂಡೆಯಲ್ಲಿ ಸುಮ್ಮನೆ ಕುಳಿತು ನೋಡಬೇಕು. ನಾವು ಒಂದು ತಾಸು ಕೂಡುತ್ತೇವೆ. ಒಂದು ಜಾತಿಯ ಮೀನುಗಳನ್ನು ಎಣಿಸಲು ಸಾಧ್ಯವಾದರೆ ಅವು ಕಡಿಮೆಯಾಗಿವೆಯೆಂದು ತಿಳಿದು ಬಿಟ್ಟುಬಿಡುತ್ತೇವೆ. ಎಣಿಕೆಗೆ ಸಿಕ್ಕದಷ್ಟು ಇದ್ದರೆ ಮಾತ್ರ ಆರನ್ನು ತೆಗೆದುಕೊಳ್ಳುತ್ತೇವೆ. ಮೆತ್ತಗಿನ ಅರಿವೆಯ ಸಣ್ಣ ಕೈಬಲೆ ಸಾಕು. ಸೊಳ್ಳೆಪರದೆಯು ಬೇಡಾದ ಮರಿಗಳನ್ನೂ ಕೂಡಿಯೇ ಬಾಚುವದು. ಮೀನಿನ ಮೈಮೇಲೆ ಒಂದು ಲೋಳೆಯ ಹೊದಿಕೆಯುಂಟು. ಅದೇ ಅದಕ್ಕೆ ಕವಚ. ಒಣಗಿದ ಕೈಯಿಂದ ಮುಟ್ಟಿದರೆ ಆ ಕವಚ ಸುಲಿದು ಬೂಷ್ಟು ಹಿಡಿದು ಸಾಯುವದು. ಆದುದರಿಂದ ಕೈಯನ್ನು ಒದ್ದೆ ಮಾಡಿಕೊಳ್ಳಬೇಕು. ಸಾಧ್ಯವಾದರೆ ಮುಟ್ಟಲೇಬಾರದು, ಬಟ್ಟಲಿನಿಂದ ನೀರಿನೊಡನೆಯೇ ಎತ್ತಬೇಕು. ಎತ್ತಿದ ಕಲ್ಲನ್ನು ಇದ್ದಂತೆಯೇ ತಿರುಗಿ ಇಡಬೇಕು. ಅದು ಯಾರದೋ ಮನೆಯ ಮಾಳಿಗೆ. ಚೀಲದಲ್ಲಿ ಒಂದು ಪಾಲು ನೀರು, ಎರಡು ಪಾಲು ಗಾಳಿ ಇರಲಿ. ಕಾರವಾರದ ಡಬ್ಬಿಯನ್ನು ಕಂಠದ ವರೆಗೆ ನೀರಿನಿಂದ ತುಂಬಿ ಮುಚ್ಚಳ ಬಿಗಿದಿದ್ದರು. ಮೀನುಗಳಿಗೆ ಉಸಿರೆಲ್ಲಿಂದ ಬರಬೇಕು? ಚೀಲವನ್ನು ಕಪ್ಪು ಅರಿವೆಯಲ್ಲಿ ಸುತ್ತಿ ತಂಪಾಗಿ ಇಟ್ಟರೆ ಮೀನು ಗಾಬರಿಗೊಳ್ಳದು.

ಇನ್ನು ಮನೆಯ ಮಾತು. ಹುಡುಗನ ಪ್ರಶ್ನೆಗೆ ಅರ್ಧ ಉತ್ತರವಿರುವದು ಇಲ್ಲಿಯೇ. ಮೀನು ತನ್ನ ಕಿವಿರುಗಳಿಂದ ಅಮೋನಿಯಾ ಎಂಬ ವಿಷವನ್ನು ಹೊರಗೆ ಬಿಡುತ್ತದೆ. ಹೊಳೆಯಲ್ಲಿ ಅದು ಕೊಚ್ಚಿಕೊಂಡು ಹೋಗುವದು. ತೊಟ್ಟಿಯಲ್ಲಿ ಅಲ್ಲಿಯೇ ನಿಲ್ಲುವದು. ನಿಸರ್ಗದಲ್ಲಿ ಕೆಲವು ಸೂಕ್ಷ್ಮಜಂತುಗಳು ಈ ಅಮೋನಿಯಾವನ್ನು ತಿಂದು ನೈಟ್ರೈಟ್ ಎಂಬ ಮತ್ತೊಂದು ವಿಷವನ್ನಾಗಿಯೂ, ಬೇರೆ ಜಂತುಗಳು ಅದನ್ನು ಬಹುಮಟ್ಟಿಗೆ ನಿರಪಾಯವಾದ ನೈಟ್ರೇಟನ್ನಾಗಿಯೂ ಮಾರ್ಪಡಿಸುವವು. ಹೊಸ ತೊಟ್ಟಿಯ ಉಸುಕಿನಲ್ಲಿ, ಸೋಸುವ ಸ್ಪಂಜಿನಲ್ಲಿ ಈ ಜಂತುಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆದುದರಿಂದ ತೊಟ್ಟಿಯನ್ನು ತುಂಬಿ, ಪಂಪನ್ನು ನಡೆಯಿಸಿ, ದಿನಾಲು ಚಿಟಿಕೆಯಷ್ಟು ಆಹಾರವನ್ನು ಮಾತ್ರ ಹಾಕುತ್ತ ಮೀನಿಲ್ಲದೆಯೇ ಒಂದೂವರೆ ತಿಂಗಳು ಕಾಯಬೇಕು. ನೆರೆಹೊರೆಯವರು ನಗುವರು, ಖಾಲಿ ನೀರನ್ನು ಸಾಕುತ್ತಿದ್ದಾರೆಂದು ನಮ್ಮ ಮನೆಯಲ್ಲಿಯೇ ಅಂದರು. ಆದರೆ ನಮ್ಮ ನಾಲ್ವತ್ತು ಮೀನುಗಳನ್ನು ಕೊಂದದ್ದು ಈ ತಾಳ್ಮೆಯ ಅಭಾವವೇ. ಇದರೊಡನೆ ನಳದ ನೀರಿನ ಕ್ಲೋರಿನ್ ಕೂಡಿದರೆ ಕೇಳುವದೇನು? ಅದನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನವಾದರೂ ಬಿಟ್ಟು ಆಮೇಲೆ ಬಳಸಬೇಕು.

ಮೂಡಲಗಿಯ ಕಡೆಯ ಕೊಳವೆಬಾವಿಗಳ ನೀರು ಗಡುಸಾದದ್ದು, ಬೇಳೆ ಬೇಯದಂಥದು. ಕಾಲುವೆಯ ಮೀನುಗಳು ಅದಕ್ಕೆ ಮೆಲ್ಲಮೆಲ್ಲನೆ ಒಗ್ಗಿಕೊಳ್ಳುವವು. ತಂದ ಚೀಲದ ನೀರಿಗೆ ತೊಟ್ಟಿಯ ನೀರನ್ನು ಹನಿಹನಿಯಾಗಿ ಒಂದೆರಡು ತಾಸು ಬೆರಸುತ್ತ ಹೋಗಬೇಕು. ಬೇಸಿಗೆಯ ಬಿಸಿಲು ಇನ್ನೊಂದು ವೈರಿ. ನೀರು ಕಾದಷ್ಟೂ ಅದರಲ್ಲಿ ಕರಗಿರುವ ಪ್ರಾಣವಾಯು ಕಡಿಮೆಯಾಗುವದು. 20 ಡಿಗ್ರಿಯ ಉಷ್ಣತೆಯಲ್ಲಿ ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಮು ಇದ್ದದ್ದು 30 ಡಿಗ್ರಿಗೆ ಏಳೂವರೆಗೆ ಇಳಿಯುವದು. ಮೀನಿನ ಉಸಿರಾಟವಾದರೋ ಕಾವಿನಲ್ಲಿ ಹೆಚ್ಚುವದು. ವಿದ್ಯುತ್ತು ಹೋಗಿ ಪಂಪು ನಿಂತರೆ ಮೀನುಗಳು ಮೇಲಕ್ಕೆ ಬಂದು ಬಾಯಿ ಆಡಿಸುವದನ್ನು ಕಾಣಬಹುದು. ಆಗ ಒಂದು ತಂಬಿಗೆಯಿಂದ ನೀರನ್ನು ಮೊಗೆದು ಎತ್ತರದಿಂದ ಹೊಯ್ಯುತ್ತಿದ್ದರೆ ಜೀವ ಉಳಿಯುವದು. ಮೂರಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿಗೆ ಸುಮಾರು 100 ಲೀಟರು ನೀರು ಹಿಡಿಯುವದು. ಬೆರಳುದ್ದದ ಹನ್ನೆರಡು ಮೀನುಗಳಿಗೆ ಅದು ಸಾಕು. ಹೊಳೆಯಿಂದ ಬಂದವನ್ನು ಮೂರು ವಾರ ಬೇರೆ ಪಾತ್ರೆಯಲ್ಲಿ ಇಟ್ಟು ರೋಗವಿಲ್ಲವೆಂದು ತಿಳಿದ ಬಳಿಕವೇ ಹಳೆಯವುಗಳೊಡನೆ ಬಿಡಬೇಕು.

ಕಡಲಿನ ಮೀನಿನ ಆಶೆ ಇನ್ನೂ ಹಿಂಗದವರಿಗೆ ಎರಡು ಮಾತು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಮು ಲವಣಗಳಿರುವವು. ಅಲ್ಲಿಯ ಮೀನು ಆ ಉಪ್ಪಿನೊಡನೆ ಸೆಣಸಿ ತನ್ನ ಮೈಯ ನೀರನ್ನು ಹಿಡಿದಿಟ್ಟುಕೊಳ್ಳುವ ರಚನೆಯುಳ್ಳದ್ದು. ಸಿಹಿನೀರಿಗೆ ಬಿಟ್ಟರೆ ಹೊರಗಿನ ನೀರೆಲ್ಲ ಮೈಯೊಳಗೆ ನುಗ್ಗಿ ಅದು ಸಾಯುವದು. ಹುಡುಗನ ಪ್ರಶ್ನೆಗೆ ಉಳಿದರ್ಧ ಉತ್ತರ ಇದು. ನಮ್ಮ ಕಡೆಯ ಸೆಕೆಯಲ್ಲಿ ತೊಟ್ಟಿಯ ನೀರು ದಿನಾಲು ಆವಿಯಾಗಿ ಉಪ್ಪು ಗಟ್ಟಿಯಾಗುತ್ತ ಹೋಗುವದರಿಂದ ಅದನ್ನು ನಿತ್ಯವೂ ಅಳೆದು ಸರಿಪಡಿಸಬೇಕು. ಇಷ್ಟು ಮಾಡಬಲ್ಲವರೂ ಬಂಡೆಯ ಹೊಂಡದಿಂದ ಹಿಡಿದು ತರಬಾರದೆಂದೇ ನಮ್ಮ ಅಭಿಪ್ರಾಯ. ಭರತ ಬಂದರೆ ಆ ಹೊಂಡದ ಮೀನು ತಾನಾಗಿಯೇ ಕಡಲಿಗೆ ಹೋಗುವದು. ಕಾಲುವೆಯ ತಗ್ಗಿನ ಮೀನಿನಂತೆ ಅದು ಸಾಯಲು ಕುಳಿತದ್ದಲ್ಲ. ಕಡಲಕುದುರೆಯನ್ನೂ ಹವಳವನ್ನೂ 2001ರಿಂದ ಹುಲಿಯಷ್ಟೇ ಕಠಿಣವಾದ ಕಾಯಿದೆಯು ಕಾಯುತ್ತಿದೆ. ಸತ್ತು ದಂಡೆಗೆ ಬಿದ್ದ ಹವಳದ ತುಂಡನ್ನು ಚೀಲಕ್ಕೆ ಹಾಕಿಕೊಳ್ಳುವವರು ಇದನ್ನು ನೆನೆಯಬೇಕು. ಪೇಟೆಗೆ ಬರುವ ಕಡಲಮೀನುಗಳಲ್ಲಿ ಬಹುಪಾಲು ಜಾತಿಗಳು ಇನ್ನೂ ಕಡಲಿನಿಂದಲೇ ಹಿಡಿದವು. ಫಿಲಿಪ್ಪೈನ್ಸ್ ಮೊದಲಾದ ಕಡೆಗಳಲ್ಲಿ ಹವಳದ ಸಂದುಗಳಿಗೆ ಸಯನೈಡ್ ಚಿಮ್ಮಿ ಮೂರ್ಛೆಗೊಳಿಸಿ ಹಿಡಿದವೂ ಅವುಗಳಲ್ಲಿ ಸೇರಿರುವದುಂಟು. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕಿತ್ತಳೆ ಬಿಳಿ ಪಟ್ಟೆಗಳ ಕ್ಲೌನ್ ಮೀನನ್ನು ತೊಟ್ಟಿಯಲ್ಲಿಯೇ ಮರಿ ಮಾಡಿಸುವ ವಿದ್ಯೆಯನ್ನು ಸಾಧಿಸಿದ್ದಾರೆ. ಕೊಳ್ಳುವದೇ ಆದರೆ ಹಾಗೆ ಹುಟ್ಟಿದ್ದನ್ನು ಕೇಳಿ ಕೊಳ್ಳಬೇಕು.

ತಂದದ್ದನ್ನು ಹಿಂದಕ್ಕೆ ಬಿಡಬಹುದೇ? ಬೇಸರ ಬಂದಾಗ ತೊಟ್ಟಿಯ ಮೀನನ್ನು ಹೊಳೆಗೆ ಬಿಟ್ಟು ಪುಣ್ಯ ಬಂತೆಂದು ಕೈಮುಗಿಯುವವರನ್ನು ನಾವು ನೋಡಿದ್ದೇವೆ. ಇದು ಹಿಡಿಯುವದಕ್ಕಿಂತ ದೊಡ್ಡ ತಪ್ಪು. ಊರ ಮೀನಾದರೂ ಅದು ಪೇಟೆಯ ಮೀನುಗಳ ರೋಗವನ್ನು ಅಂಟಿಸಿಕೊಂಡಿರಬಹುದು. ಪರದೇಶದ್ದಾದರೆ ಹೇಳುವದೇ ಬೇಡ. ಗಾಜಿನ ಪಾಚಿಯನ್ನು ನೆಕ್ಕಲಿಯೆಂದು ತರುವ ದಕ್ಷಿಣ ಅಮೇರಿಕೆಯ ಚಿಪ್ಪುಮೈಯ ಸಕ್ಕರ್ ಮೀನು ಬೆರಳಷ್ಟಿದ್ದದ್ದು ಮೊಳದುದ್ದ ಬೆಳೆಯುವದು. ತೊಟ್ಟಿ ಸಾಲದಾದಾಗ ಜನರು ಅದನ್ನು ಕೆರೆಗೆ ಬಿಟ್ಟರು. ಈಗ ಕೇರಳ, ಆಂಧ್ರ ಮೊದಲಾದ ಸೀಮೆಗಳ ನೀರಿನಲ್ಲಿ ಅದು ಹೆಚ್ಚಿ, ತನ್ನ ಮುಳ್ಳುಗಳಿಂದ ಮೀನುಗಾರರ ಬಲೆಗಳನ್ನು ಹರಿಯುತ್ತಿದೆ. ಅವರು ಅದಕ್ಕೆ ದೆವ್ವದ ಮೀನೆಂದೇ ಹೆಸರಿಟ್ಟಿದ್ದಾರೆ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು 1928ರಲ್ಲಿ ಇಟಲಿಯಿಂದ ತರಿಸಿದ ಗಂಬೂಸಿಯ ಎಂಬ ಸಣ್ಣ ಮೀನು ನಮ್ಮ ಊರ ಮೀನುಗಳ ಮರಿಗಳನ್ನೂ ಬಿಡದೆ ತಿನ್ನುವದು. 2019ರ ಆಗಸ್ಟದಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕದ ಪೇಟೆಯೊಳಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಜನರ ಮನೆ ಮಾರುಗಳೇ ಹೋಗುವಾಗ ತೊಟ್ಟಿಯ ಮೀನಿನ ಯೋಚನೆ ಯಾರಿಗೆ? ಆದರೂ ಹೊಳೆಯ ದಂಡೆಯ ಮನೆಗಳಲ್ಲಿ ಪರದೇಶದ ಮೀನುಗಳನ್ನು ಸಾಕದಿರುವದಕ್ಕೆ ಅದೊಂದು ಕಾರಣವಾಯಿತೆಂದು ನಾವು ಎಣಿಸುತ್ತೇವೆ. ಬೇಡಾದ ಮೀನನ್ನು ಇನ್ನೊಬ್ಬ ಸಾಕುವವರಿಗೆ ಕೊಡಬೇಕು; ಯಾರೂ ಸಿಕ್ಕದಿದ್ದರೆ ಅದರ ಆಯುಷ್ಯ ತೀರುವ ವರೆಗೂ ಸಾಕಬೇಕು.

ಕಾರವಾರದ ಡಬ್ಬಿಯ ಹುಡುಗನು ನಮ್ಮ ಮಾತಿನಂತೆ ಒಂದೂವರೆ ತಿಂಗಳು ಖಾಲಿ ನೀರನ್ನು ಸಾಕಿದನು. ಕಾಲುವೆಯ ನೀರು ನಿಂತ ಹತ್ತನೆಯ ದಿನ ಅವನನ್ನು ಕರೆದುಕೊಂಡು ಹೋದೆವು. ಎರಡು ಕೊಳಗದಷ್ಟು ಉಳಿದಿದ್ದ ಒಂದು ತಗ್ಗಿನ ನೀರು ಕೈಗೆ ಬಿಸಿಯಾಗಿ ತಾಗುತ್ತಿತ್ತು. ಬೊಟ್ಟಿನ ಮೀನುಗಳು ಆರು, ಗಾಜುಮೀನುಗಳು ಮೂರು ಸಿಕ್ಕವು. ಉಳಿದ ನೂರಾರನ್ನು ಏನು ಮಾಡುವದೆಂದು ಅವನು ಕೇಳಿದನು. ಬುಟ್ಟಿಯಲ್ಲಿ ಮೊಗೆಮೊಗೆದು, ಕೂಗಳತೆಯಲ್ಲಿದ್ದ ಇದೇ ಕಾಲುವೆಯ ಆಳವಾದ ಮಡುವಿಗೆ ಸಂಜೆಯ ವರೆಗೆ ಹೊತ್ತು ಹಾಕಿದೆವು. ಮನೆಗೆ ತಂದವುಗಳಲ್ಲಿ ಒಂದು ಗಾಜುಮೀನು ಮೊದಲ ವಾರದಲ್ಲಿಯೇ ಸತ್ತಿತು. ಉಳಿದ ಎಂಟು ಈಗಲೂ ಇವೆ. ಮೊನ್ನೆ ರಾತ್ರಿ ವಿದ್ಯುತ್ತು ಹೋದಾಗ ಅವರ ಮನೆಯ ಕಡೆಯಿಂದ ತಂಬಿಗೆಯಲ್ಲಿ ನೀರು ಮೊಗೆದು ಹೊಯ್ಯುವ ಸಪ್ಪಳವು ಬಹಳ ಹೊತ್ತಿನ ವರೆಗೆ ನಮಗೆ ಕೇಳಿಸುತ್ತಿತ್ತು.